‘ಕಣ್ಣು’ ಎಂದು ಕೂಗಿ ಹೊಡೆಯುವವಳು

ಹಳೆಯ ವಾಹನಗಳನ್ನು ಒಡೆದು ಬಿಡಿಭಾಗ ಮಾರುವ ಆ ಅಂಗಳದಲ್ಲಿ ಇದ್ದದ್ದು ಒಂದೇ ಕಾನೂನು. ಗಾಜಿಗೆ ಸುತ್ತಿಗೆ ಬೀಸುವವರು ಮೊದಲು ‘ಕಣ್ಣು’ ಎಂದು ಕೂಗಬೇಕು. ಕೂಗು ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಮುಖ ತಿರುಗಿಸಬೇಕು. ಆಮೇಲೆ ಏಟು. ಕೂಗದೆ ಹೊಡೆದವನು ಅವತ್ತೇ ಗಂಟುಮೂಟೆ ಕಟ್ಟಬೇಕು. ಅಂಗಳದ ಯಜಮಾನನ ಎಡಗಣ್ಣೇ ಗಾಜಿನದು. ಹಾಗಾಗಿ ಈ ವಿಷಯದಲ್ಲಿ ಅವನ ಹತ್ತಿರ ಯಾರೂ ವಾದಕ್ಕೆ ನಿಲ್ಲುತ್ತಿರಲಿಲ್ಲ.

ಅಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ಒಬ್ಬ ಹೆಂಗಸು. ನಲವತ್ತು ದಾಟಿದ ಮೋಟು ಆಳು, ಮುಂಗೈ ಮಾತ್ರ ಒನಕೆಯಂಥದ್ದು. ಬೇರೆಯವರು ಗುದ್ದಿ ಗುದ್ದಿ ಸುಸ್ತಾದ ಬಾಗಿಲು ಅವಳ ಒಂದೇ ಏಟಿಗೆ ಕೀಲು ಬಿಟ್ಟು ನೆಲಕ್ಕೆ ಬೀಳುತ್ತಿತ್ತು. ಜೊತೆಯವರು ಅವಳನ್ನು ‘ಸುತ್ತಿಗೆ’ ಎಂದೇ ಕರೆಯುತ್ತಿದ್ದರು. ಗಂಡ ಎಂಬವನು ಯಾವತ್ತೋ ಎದ್ದು ಹೋಗಿದ್ದ. ಹೊಡೆತ ತಿಂದು ಓಡಿದನೆಂದು ಅಂಗಳದವರು, ಹೊಡೆದು ಓಡಿದನೆಂದು ಅವಳು.

ಹೊಡೆತ ಅವಳಿಗೆ ತಾಯಿಯಿಂದ ಬಂದ ಬಳುವಳಿ. ತಾಯಿಯ ಬಲಗೈ ಎಂದರೆ ಮನೆಮಂದಿಗೆಲ್ಲ ನಡುಕ. ಹಾಲು ಉಕ್ಕಿದರೆ ಒಂದು, ತಡವಾಗಿ ಬಂದರೆ ಎರಡು, ಎದುರುತ್ತರ ಕೊಟ್ಟರೆ ಲೆಕ್ಕವೇ ಇಲ್ಲ. ಸೌಟು, ಹಗ್ಗ, ಹಿಂಡಿದ ಬಟ್ಟೆ, ಕೈಗೆ ಸಿಕ್ಕಿದ್ದೇ ಆಯುಧ. ಯಾವಾಗ ಬೀಳುತ್ತದೆಂದು ತಿಳಿಯದಿರುವುದೇ ಅದರ ದೊಡ್ಡ ಹಿಂಸೆ. ನಗುತ್ತ ತಲೆ ಬಾಚುತ್ತಿರುವಾಗಲೇ ಬೆನ್ನ ಮೇಲೆ ದಬಕ್ಕೆಂದು ಬೀಳುತ್ತಿತ್ತು. ಆ ಕೈಯಿಂದ ತಪ್ಪಿಸಿಕೊಳ್ಳಲೆಂದೇ ಅವಳು ಹರೆಯದಲ್ಲಿ ಗಡಿ ದಾಟಿ ಈ ಊರಿಗೆ ಬಂದದ್ದು. ಇಷ್ಟು ವರ್ಷವಾದರೂ ಹಿಂದಿನಿಂದ ಯಾರಾದರೂ ನಡೆದು ಬಂದರೆ ಅವಳ ಕುತ್ತಿಗೆ ಆಮೆಯ ಹಾಗೆ ತಾನಾಗಿಯೇ ಒಳಗೆ ಹೋಗುತ್ತಿತ್ತು.

ಅಂಥ ತಾಯಿ, ಸಾಯುವ ಮುಂಚೆ ಒಮ್ಮೆ ಮಗಳ ಮನೆ ನೋಡಬೇಕೆಂದು ಹಟ ಹಿಡಿದು ಬಂದಿಳಿದಳು. ಜೊತೆಗೆ ಪ್ರಯಾಣದ ವಿಮೆ ಇತ್ತು, ಕಾಲು ಉಳುಕಿದರೆ, ಜ್ವರ ಬಂದರೆ ಸಾಲುವಂಥದ್ದು. ಬಂದು ಒಂದು ತಿಂಗಳಾಗಿತ್ತು. ಸ್ನಾನ ಮಾಡುವಾಗ ಬಲಗಡೆ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಅವಳು ಬಾಯಿ ಬಿಡಲಿಲ್ಲ. ರವಿಕೆಯ ಮೇಲೆ ರಕ್ತದ ಕಲೆ ಕಂಡ ಮಗಳು ಬಾಗಿಲು ಒದ್ದು ಬಚ್ಚಲಿಗೆ ನುಗ್ಗಿದಾಗಲೇ ಗುಟ್ಟು ರಟ್ಟಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು, ಇದು ಯಾವಾಗಿನಿಂದ ಇದೆ ಎಂದು ಕೇಳಿದರು. ತಾಯಿ ಮಗಳ ಕಡೆ ಕೈ ಒದರಿ, “ಹಳೇದು ಬಿಡು ಅನ್ನು” ಎಂದಳು. ಆ ಮನೆಯಲ್ಲಿ ಅದೊಂದು ರೂಢಿ. ಮಕ್ಕಳಿಗೆ ಜ್ವರ ಬರಲಿ, ಗಂಡನ ಎದೆ ನೋಯಲಿ, ಹಳೇದು ಬಿಡು ಎನ್ನುವಳು. ಹಳೆಯದಕ್ಕೆ ಯಾರೂ ಹೆದರುವುದಿಲ್ಲವಲ್ಲ. ಮಗಳಿಗೆ ಅದು ಗೊತ್ತು. ಆದರೆ ತಾಯಿ ಹೇಳಿದ್ದನ್ನು ತಿರುಚಿ ಹೇಳುವ ಧೈರ್ಯ ಅವಳ ಕುತ್ತಿಗೆಗೆ ಇರಲಿಲ್ಲ. ಆ ಊರಿನ ಭಾಷೆಯಲ್ಲಿ ಇದ್ದದ್ದು ಇದ್ದ ಹಾಗೆ ಒಪ್ಪಿಸಿದಳು. ಡಾಕ್ಟರು ಬರೆದುಕೊಂಡರು. ಹಳೆಯ ಕಾಯಿಲೆಗೆ ತಮ್ಮ ವಿಮೆ ಅನ್ವಯಿಸದೆಂದು ಕಂಪನಿ ಕೈ ತೊಳೆದುಕೊಂಡಿತು.

ಸುತ್ತಿಗೆ, ಕೆಲಸದ ಬಟ್ಟೆಯಲ್ಲೇ, ತಾಯಿಯನ್ನು ಎಳೆದುಕೊಂಡು ವಿಮೆಯವರ ಕಚೇರಿಗೆ ಹೋದಳು. ಗಾಜಿನ ಆಚೆ ಕುಳಿತ ಗುಮಾಸ್ತ ಬೆಣ್ಣೆಯಂಥ ಮಾತಿನಲ್ಲಿ, ನಿಮ್ಮ ಬಾಯಿಂದಲೇ ಬಂದದ್ದಲ್ಲವೇ ಎಂದ. ಅಮ್ಮ ಸುಮ್ಮನೆ ಹಾಗನ್ನುತ್ತಾಳೆ ಎಂದು ಇವಳು ಅಂಗಲಾಚಿದಳು. ಅವನು ನಕ್ಕ. ಅಷ್ಟೇ. ಅವಳ ಕೈ ಕೆಲಸದ ಚೀಲದೊಳಗಿನ ಸುತ್ತಿಗೆಗೆ ಹೋಯಿತು.

“ಕಣ್ಣು!”

ಏನೆಂದು ತಿಳಿಯದಿದ್ದರೂ ಆ ಕೂಗಿಗೇ ಬೆಚ್ಚಿ ಗುಮಾಸ್ತ ಮೇಜಿನ ಕೆಳಗೆ ತಲೆ ತೂರಿಸಿದ. ಗಾಜು ಜಲಪಾತದ ಹಾಗೆ ಕೆಳಗಿಳಿಯಿತು. ಕಾವಲಿನವರಿಬ್ಬರು ಅವಳನ್ನು ಕೆಡವಿ, ಬೆನ್ನಿಗೆ ಮೊಣಕಾಲು ಊರಿ, ಮುಖವನ್ನು ನೆಲಕ್ಕೆ ಒತ್ತಿದರು. ಒಂದು ಹಲ್ಲು ಮುರಿದು ನಾಲಿಗೆ ಮೇಲೆ ಬಂತು. ಅದೇ ಹೊತ್ತಿಗೆ ತಾಯಿ, ಗಂಟಿದ್ದ ಕಡೆಯ ಕೈಯಿಂದಲೇ, ನೀರಿನ ಬಾಟಲಿ ಇದ್ದ ಚೀಲವನ್ನು ಬೀಸಿ ಕಾವಲಿನವನ ಕಿವಿಗೆ ಬಾರಿಸಿದಳು. ಅವನು ಅಲ್ಲೇ ಕುಕ್ಕರುಬಡಿದ.

ಠಾಣೆಗೆ ಬಂದ ಯಜಮಾನ, ಇವಳ ಬಾತುಕೊಂಡ ಮುಖ ನೋಡಲಿಲ್ಲ. ನೇರ, ದೂರು ಕೊಡಲು ಬಂದಿದ್ದ ಗುಮಾಸ್ತನ ಎದುರು ನಿಂತ.

“ಹೊಡೆಯೋ ಮುಂಚೆ ಕೂಗಿದ್ಲಾ?”

“ಕೂಗಿದ್ಲು.”

“ಹಾಗಾದ್ರೆ ಕೆಲಸ ಉಳೀತು” ಎಂದು ಅವನು ಒಡೆದ ಗಾಜಿಗೆ ದಂಡ ಕಟ್ಟಿ ಇಬ್ಬರನ್ನೂ ಬಿಡಿಸಿಕೊಂಡು ಬಂದ.

ದಾರಿಯಲ್ಲಿ ತಾಯಿ, ಅದೇನು ಕೂಗಿದ್ದು ಎಂದು ಕೇಳಿದಳು. ಮಗಳು ರಕ್ತ ಉಗಿದು, “ಹೊಡೆಯೋ ಮುಂಚೆ ಹೇಳ್ಬೇಕಮ್ಮ. ಎದುರಿಗಿರೋರು ಮುಖ ಉಳಿಸ್ಕೊಳ್ಳಲಿ ಅಂತ” ಎಂದಳು. ತಾಯಿ ತನ್ನ ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಯಜಮಾನ ಮುಂಗಡ ಕೊಟ್ಟ. ಬಡವರನ್ನು ಕಂತಿನ ಮೇಲೆ ನೋಡುವ ಒಂದು ಆಸ್ಪತ್ರೆಯಲ್ಲಿ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ಕುಯ್ದು ತೆಗೆದರು. ಎಚ್ಚರವಾದ ತಾಯಿ ಎದೆ ತಡವಿಕೊಂಡು, ಕೈಗೆ ಬರೀ ಬಟ್ಟೆ ಸಿಕ್ಕಿದಾಗ ಸೂಜಿ, ನಳಿಗೆ ಎಲ್ಲ ಕಿತ್ತೆಸೆದಳು. ಮಂಚ ರಕ್ತಮಯವಾಯಿತು. ಮರುದಿನವೇ ಮನೆಗೆ ಕಳಿಸಿದರು. ಅಲ್ಲಿನ ಮಂಚದ ಬಾಡಿಗೆ ಇವರ ಕೈಗೆ ಎಟುಕುವಂಥದ್ದಲ್ಲ.

ಕಳಿಸುವಾಗ ನರ್ಸಮ್ಮ ಎಚ್ಚರಿಸಿದಳು. ಗಾಯ ಮಾಗಿದ ಮೇಲೆ ಕಿರಣದ ಚಿಕಿತ್ಸೆ ಆಗಲೇಬೇಕು. ಅದಕ್ಕೆ ಬಲಗೈಯನ್ನು ತಲೆಗಿಂತ ಮೇಲೆತ್ತಿ ಯಂತ್ರದಡಿ ಮಲಗಬೇಕು. ಕೈ ಏಳದಿದ್ದರೆ ಕಿರಣವಿಲ್ಲ. ಕಿರಣವಿಲ್ಲದಿದ್ದರೆ ರೋಗ ತಿರುಗಿ ಬರುವುದು ಹೆಚ್ಚುಕಡಿಮೆ ಖಂಡಿತ. ಕಡಿಮೆ ದರದಲ್ಲಿ ಒಂದೇ ಒಂದು ಸರದಿ ಸಿಕ್ಕಿದೆ, ಅದು ತಪ್ಪಿದರೆ ಬೇರೆ ಇಲ್ಲ. ಕೈ ಪಳಗಿಸುವ ಕಸರತ್ತಿನವರ ಫೀಸು ಕೊಡುವ ತಾಕತ್ತು ಇವರಿಗಿರಲಿಲ್ಲ. ನರ್ಸಮ್ಮ ಒಮ್ಮೆ ತೋರಿಸಿಕೊಟ್ಟಳು: ಮೆಲ್ಲಗೆ, ಎಳೆತ ಹತ್ತುವ ತನಕ ಮಾತ್ರ, ದಿನಕ್ಕಿಷ್ಟಿಷ್ಟು.

ಆದರೆ ಕೈ ಸೊಂಟ ಬಿಟ್ಟು ಮೇಲೇಳಲಿಲ್ಲ. ಕಂಕುಳಲ್ಲಿ ತಂತಿ ಬಿಗಿದಂತೆ ಎಳೆಯುತ್ತದೆಂದು ತಾಯಿ ಕಿರುಚುವಳು. ಮಗಳು ಮಣಿಕಟ್ಟು ಹಿಡಿದೆತ್ತಲು ಹೋದರೆ ಕಚ್ಚುವಳು. ಗಂಜಿಯ ತಟ್ಟೆ ಗೋಡೆಗೆ ಹೋಗಿ ಅಪ್ಪಳಿಸುವುದು. ಒಂದು ದಿನ ಸುತ್ತಿಗೆಯ ಸಹನೆ ಕಡಿದು, ಕುರ್ಚಿಯನ್ನೆತ್ತಿ ನೆಲಕ್ಕೆ ಬಡಿದು ಮುರಿದಳು. ಸಾಯೋಕೇ ಇಲ್ಲಿಗೆ ಬಂದೆಯಾ ಎಂದು ಅಬ್ಬರಿಸಿದಳು. ಹೊಡೆಯಲು ತನ್ನ ಕೈ ಮೇಲೆದ್ದದ್ದು ಅವಳಿಗೇ ತಡವಾಗಿ ಗೊತ್ತಾಯಿತು. ಗಂಟಲಿಗೆ ಬಂದ ‘ಕಣ್ಣು’ ಅಲ್ಲೇ ಸಿಕ್ಕಿಕೊಂಡಿತು.

ತಾಯಿ ಮುಖ ತಿರುಗಿಸಲಿಲ್ಲ. “ಹೊಡಿ. ನಾನು ಬೇಕಾದಷ್ಟು ಕೊಟ್ಟಿದ್ದೀನಿ” ಎಂದಳು.

ಮಗಳ ಕೈ ಇಳಿಯಿತು. ಮುರಿದ ಕುರ್ಚಿಯನ್ನು ಬದಿಗೆ ಒದ್ದು, ತಾಯಿಯೆದುರು ಮಂಡಿಯೂರಿ ಕೆನ್ನೆ ಒಡ್ಡಿದಳು.

“ನೀನೇ ಹೊಡಿ. ಬಲಗೈಲೇ. ಆಗತ್ತಾ ನೋಡೋಣ.”

“ಹೋಗೇ, ಹುಚ್ಚಿ.”

“ಆಗಲ್ಲ ಅನ್ನು. ಹಾಲು ಉಕ್ಕಿದ್ದಕ್ಕೆ ಬೆನ್ನು ಮುರಿದೋಳು, ಈಗ ನೊಣ ಓಡಿಸೋಕೂ ಆಗಲ್ಲ ಅನ್ನು.”

ತಾಯಿಯ ಮೂಗಿನ ಹೊಳ್ಳೆ ಅರಳಿತು. ಬೀಸಿದ ಕೈ ಮಗಳ ತೋಳಿಗೆ ತಾಗಿ ಜಾರಿತು. ನೋವಿಗೆ ಅವಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಆದರೆ ಕೈ ಸೊಂಟವನ್ನು ಬಿಟ್ಟು ಮೇಲೆ ಎದ್ದಿತ್ತು.

ಅಂದಿನಿಂದ ದಿನಾ ಅದೇ ಕುಸ್ತಿ. ಸುತ್ತಿಗೆ, ಕೆಲಸದಿಂದ ಬಂದು ಕೈಕಾಲು ತೊಳೆದು ಹೊಡೆತಕ್ಕೆ ನಿಲ್ಲುವಳು. ತಾಯಿ ಬೈಯುತ್ತ ಬೀಸುವಳು. ಎಳೆತ ಹೆಚ್ಚಾಗಿ ತಾಯಿಯ ಮುಖ ಬಿಳಿಚಿದರೆ ಮಗಳೇ ಸಾಕು ಮಾಡುವಳು. ಹೊಡೆತ ಮೊದಲು ತೋಳಿಗೆ, ಆಮೇಲೆ ಭುಜಕ್ಕೆ ಏರಿತು. ಮಂಡಿ ಊರುತ್ತಿದ್ದವಳು ಎದ್ದು ನಿಂತಳು. ಕೆನ್ನೆ ಸಿಗುತ್ತಿದೆ ಎನ್ನುವಾಗ ಅಂಗಳದಿಂದ ಒಂದು ಮರದ ಪೆಟ್ಟಿಗೆ ಹೊತ್ತು ತಂದು ಅದರ ಮೇಲೆ ಹತ್ತಿ ನಿಂತಳು. ಮೋಸಗಾತಿ ಎಂದು ತಾಯಿ ಬೈದಳು. ಪಕ್ಕದ ಮನೆಯವರು ಗೋಡೆ ಬಡಿದು ಗಲಾಟೆ ನಿಲ್ಲಿಸಿ ಎಂದರು. ತಾಯಿ ತನ್ನ ಭಾಷೆಯಲ್ಲೇ ಕೊಟ್ಟ ಉತ್ತರ ಅವರಿಗೂ ಅರ್ಥವಾದಂತೆ ಕಂಡಿತು.

ಸರದಿಯ ಹಿಂದಿನ ದಿನವೂ ಕೈ ಕಿವಿಯ ಮಟ್ಟಕ್ಕೇ ನಿಂತಿತ್ತು. ಪೆಟ್ಟಿಗೆಯ ಮೇಲೆ ನಿಂತ ಮಗಳ ಕೆನ್ನೆ ಇನ್ನೂ ಗೇಣು ಮೇಲಿತ್ತು. ಮೂರು ಸಲ ಬೀಸಿ, ಮೂರು ಸಲವೂ ಅವಳ ಎದೆಗೇ ಬಡಿದು, ತಾಯಿ ಗೋಡೆಗೊರಗಿ ಏದುಸಿರು ಬಿಟ್ಟಳು. ಹೊಲಿಗೆಯ ಜಾಗ ಕೆಂಡದಂತೆ ಉರಿಯುತ್ತಿತ್ತು. ಇಷ್ಟೇ ಇದರ ಹಣೆಬರಹ ಎಂದುಕೊಂಡು ಮಗಳು ಪೆಟ್ಟಿಗೆಯಿಂದ ಕೆಳಗಿಳಿಯಲು ಕಾಲು ತೆಗೆದಳು.

ತಾಯಿ ಗೋಡೆ ಬಿಟ್ಟು ಮುಂದೆ ಬಂದಳು. ಹಲ್ಲು ಕಚ್ಚಿ ಉಸಿರೆಳೆದುಕೊಂಡಳು. ಬದುಕಿನುದ್ದಕ್ಕೂ ಯಾರಿಗೂ ಮುನ್ಸೂಚನೆ ಕೊಡದೆ ಬೀಸಿದ ಆ ಕೈ ಮೇಲೇಳುವ ಮುಂಚೆ ಅವಳ ಬಾಯಿ ತೆರೆಯಿತು.

“ಕಣ್ಣು” ಎಂದಳು.

ಮಗಳು ತೆಗೆದ ಕಾಲನ್ನು ತಿರುಗಿ ಪೆಟ್ಟಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಕುತ್ತಿಗೆ ಒಳಗೆ ಹೋಗಲಿಲ್ಲ.

ಏಟು ನೇರ ಕೆನ್ನೆಗೆ ಬಿತ್ತು. ಮುರಿದ ಹಲ್ಲಿನ ಜಾಗ ಜುಮ್ಮೆಂದು, ಬಾಯಲ್ಲಿ ರಕ್ತದ ರುಚಿ ಹರಡಿತು. ಅವಳು ಕಣ್ಣು ತೆರೆಯದೆಯೇ ತಾಯಿಯ ಮಣಿಕಟ್ಟನ್ನು ಅಲ್ಲೇ, ತಲೆಗಿಂತ ಮೇಲೆ, ಮೆಲ್ಲಗೆ ಹಿಡಿದುಕೊಂಡಳು.

“ಇಳಿಸ್ಬೇಡಮ್ಮ. ಇಷ್ಟೇ ಎತ್ತರ. ನಾಳೆ ಇಷ್ಟೇ ಎತ್ತರ ಬೇಕು.”