ಟೈರು ಆರುವ ಮುನ್ನ

ಮುನಿರಾಮಪ್ಪ ಕೂತ ಕಡೆ ಕೂರುವ ಆಸಾಮಿಯೇ ಅಲ್ಲ. ಊಟಕ್ಕೆ ಕೂತರೂ ಮೊಣಕಾಲು ಅಲ್ಲಾಡಬೇಕು, ಕ್ಷೌರಕ್ಕೆ ಕತ್ತು ಬಗ್ಗಿಸಿದರೂ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯಬೇಕು. ಹುಟ್ಟಿದ್ದು ಗೌನಿಪಲ್ಲಿಯ ಪಕ್ಕದ ಹಳ್ಳಿಯಲ್ಲಿ. ಅಪ್ಪ ರಾಗಿ ಹೊಲಕ್ಕೆ ಬಾ ಎಂದು ಕರೆದರೆ ಈತ ಮಾವಿನಕಾಯಿ ಲಾರಿ ಹತ್ತಿ ಮದ್ರಾಸಿಗೆ ಹೋದ. ಮೊದಲು ಕ್ಲೀನರ್ ಆದ, ಆಮೇಲೆ ಸ್ಟಿಯರಿಂಗ್ ಹಿಡಿದ. ಮದುವೆಯಾದ ಮೇಲಾದರೂ ನೆಲ ಹಿಡಿದು ಕೂರುತ್ತಾನೆ ಅಂತ ಮನೆಯವರು ಅಂದುಕೊಂಡರು. ಎಲ್ಲಿ ಬಂತು! ನಿದ್ದೆಯಲ್ಲೂ ಗೇರು ಬದಲಾಯಿಸುವ ಗಂಡನನ್ನು ಕಟ್ಟಿಕೊಂಡು ಭಾರತಮ್ಮ ಹೈರಾಣಾದಳು.

ಇಂಥವನಿಗೆ ದೇವರು ಎಂಥ ಕೆಲಸ ಕೊಟ್ಟ ನೋಡಿ. ಚಿನ್ನದ ಗಣಿಯಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ಊರಿಗೆ ಹೋಗುವಾಗ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಮಾರಿ ಹೋಗಿದ್ದ. ಅದು ಕೈ ಬದಲಾಗುತ್ತಾ ಮುಳಬಾಗಿಲಿನ ವಕೀಲ ಲಕ್ಷ್ಮೀನಾರಾಯಣರ ಮನೆಗೆ ಬಂತು. ವಕೀಲರದು ಭಾರೀ ಮೈ, ಆ ಕಾರಿನೊಳಗೆ ಕೂತರೆ ಏಳಿಸಲು ಇಬ್ಬರು ಬೇಕು. ಹಾಗಾಗಿ ಡ್ರೈವರಾಗಿ ಮುನಿರಾಮಪ್ಪ ಬಂದ, ಪಕ್ಕದ ಸೀಟು ವಕೀಲರ ತಾಯಿ ಜಾನಕಮ್ಮನವರ ಪಾಲಾಯಿತು. ಅವರ ಯಜಮಾನರು ಜಪದ ಮಣೆ ಬಿಟ್ಟು ಏಳುವವರಲ್ಲ, ಮನೆಯ ಹೊರಗಿನ ಓಡಾಟವೆಲ್ಲ ಆಕೆಯದೇ. ಬಾಣದ ಹಾಗೆ ಹಾರಬೇಕಾದ ಕಾರು ಮಠಕ್ಕೆ, ತರಕಾರಿ ಸಂತೆಗೆ, ಬೀಗರ ಮನೆಯ ನಾಮಕರಣಕ್ಕೆ ಓಡಾಡಿಕೊಂಡಿತ್ತು. ಮೀಟರಿನ ಮುಳ್ಳು ಮೂವತ್ತು ಮೈಲಿ ಮುಟ್ಟಿತೋ ಇಲ್ಲವೋ, "ನಿಧಾನ ಕಣೋ ಮುನಿರಾಮ, ಯಾವೂರು ಹತ್ತಿ ಉರೀತಿದೆ ಈಗ?" ಎಂದು ಪಕ್ಕದಿಂದ ದನಿ ಬರುತ್ತಿತ್ತು.

ವರ್ಷಗಟ್ಟಲೆ ಹೀಗೇ ನಡೆಯಿತು. ಒಂದೇ ಒಂದು ಸಲ ಆ ಕಾರನ್ನು ಅದರ ಪೂರ್ತಿ ಜೋರಿಗೆ ಬಿಡಬೇಕು ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ. ಕದ್ದು ಓಡಿಸಬಹುದಿತ್ತಲ್ಲ ಅಂತೀರಾ? ಅಂಥ ಜಾಯಮಾನದವನಲ್ಲ ಅವನು. ತಾನಾಗಿ ಅಪ್ಪಣೆ ಸಿಗಲಿ ಎಂದು ಕಾಯುತ್ತಿದ್ದ, ಕಾಯುತ್ತಾ ಒಳಗೊಳಗೇ ಬೇಯುತ್ತಿದ್ದ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ವಕೀಲರು ಅಂಗಳಕ್ಕೆ ಬಂದು, "ಕಾರು ಮಾರಿಬಿಟ್ಟೆ ಕಣಯ್ಯಾ. ಕೊಂಡವರು ಕೋಲಾರದಲ್ಲೇ ತಗೋತೀನಿ ಅಂದಿದಾರೆ, ಮುಂದಿನ ವಾರ ಹೋಗಿ ಕೊಟ್ಟು ಬಾ" ಎಂದರು. ಮುನಿರಾಮಪ್ಪನಿಗೆ ನೆಲ ಕುಸಿದಂತಾಯಿತು. ಅವನ ಮುಖ ನೋಡಿ ವಕೀಲರೇ ಮೆತ್ತಗಾದರು. "ಆದ್ರೆ ಒಂದು ಸಂಗತಿ. ಹೊಸ ರಸ್ತೇಲಿ ಈ ಭಾನುವಾರ ಬೆಂಗಳೂರಿನ ಮೋಟಾರು ಕ್ಲಬ್ಬಿನವರು ರೇಸು ಇಟ್ಕೊಂಡಿದಾರೆ. ನಮ್ಮ ಕೋರ್ಟಿನ ಬಾರ್ ರೂಮಿನವರು ನನ್ನ ಕಾರಿಗೆ ಎತ್ತಿನ ಗಾಡಿ ಅಂತ ಹೆಸರಿಟ್ಟಿದಾರಯ್ಯಾ! ನೀನೊಂದು ಕೈ ನೋಡು" ಎಂದರು.

ಹೊಸ ರಸ್ತೆ ಎಂದರೆ, ಕೋಲಾರದ ದಾರಿಯಲ್ಲಿ ಒಂದು ಸೊಟ್ಟ ತಿರುವು ತಪ್ಪಿಸಲು ನೆಟ್ಟಗೆ ಟಾರು ಹಾಕಿ ಇನ್ನೂ ವಾಹನ ಬಿಡದೆ ಇಟ್ಟಿದ್ದ ತುಂಡು. ಎರಡೆರಡು ಕಾರು ಪಕ್ಕಪಕ್ಕ ನಿಂತು ಕಾಲು ಮೈಲಿ ಓಡಬೇಕು, ಸೋತವನು ಮನೆಗೆ. ಮುನಿರಾಮಪ್ಪ ಲಾರಿಯ ಕಾಲದಲ್ಲಿ ಮದ್ರಾಸಿನ ಆಚೆ ಇಂಥದ್ದನ್ನು ಬೇಲಿಯ ಹೊರಗೆ ನಿಂತು ನೋಡಿದ್ದ. ಓಟಕ್ಕೆ ಮುಂಚೆ ಅಲ್ಲಿಯವರು ಹಿಂದಿನ ಗಾಲಿಯನ್ನು ನಿಂತಲ್ಲೇ ಹೊಗೆ ಬರುವ ಹಾಗೆ ಸುತ್ತಿಸುತ್ತಿದ್ದರು. ಅದು ಅವನ ಕಣ್ಣಲ್ಲೇ ಉಳಿದಿತ್ತು.

ಅವತ್ತೇ ಮನೆಯ ಹಿಂದಿನ ಕಲ್ಲುಚಪ್ಪಡಿಯ ಮೇಲೆ ಪರೀಕ್ಷೆ ಶುರುವಾಯಿತು. ಮುಂದಿನ ಗಾಲಿಗಳಿಗೆ ಲಾರಿಯವರ ಹಾಗೆ ದಪ್ಪ ಕಲ್ಲು ಒತ್ತು ಕೊಟ್ಟ. ಹಿಂದಿನ ಗಾಲಿಗಳ ಕೆಳಗೆ ಒಂದು ಕೊಡ ನೀರು ಸುರಿದ. ಫಸ್ಟ್ ಗೇರಿಗೆ ಹಾಕಿ, ಇಂಜಿನ್ನು ಕಿರುಚುವಂತೆ ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಫಟ್ಟನೆ ಬಿಟ್ಟ. ಕಲ್ಲಿಗೆ ಒರಗಿದ ಕಾರು ಮುಂದೆ ಹೋಗಲಿಲ್ಲ, ಹಿಂದಿನ ಗಾಲಿಗಳು ಮಾತ್ರ ಗಿರ್ರನೆ ಸುತ್ತಿದವು. ನೀರು ಆವಿಯಾಯಿತು, ಆಮೇಲೆ ರಬ್ಬರಿನ ಹೊಗೆ ಎದ್ದು ಬಚ್ಚಲುಮನೆಯವರೆಗೂ ತುಂಬಿತು.

"ಅಯ್ಯೋ ಮುಂಡೇದೆ, ಮನೆ ಸುಡ್ತೀಯೇನೋ!" ಎಂದು ಜಾನಕಮ್ಮ ಮೂಗಿಗೆ ಸೆರಗು ಹಿಡಿದು ಹೊರಗೆ ಬಂದರು.

"ಇಲ್ಲಮ್ಮಾ, ಟೈರು ಕಾಯಿಸ್ತಾ ಇದೀನಿ. ತಣ್ಣಗಿದ್ರೆ ರಬ್ಬರು ಜಾರುತ್ತೆ. ಬಿಸಿಯಾದ್ರೆ ಬೆಲ್ಲದ ಪಾಕದ ಥರ ನೆಲಕ್ಕೆ ಅಂಟ್ಕೊಂಡು ಕಾರನ್ನ ಎತ್ತಿ ಬಿಸಾಕುತ್ತೆ."

"ಎಷ್ಟು ಹೊತ್ತು ಇರುತ್ತೋ ಆ ಬಿಸಿ?"

"ಒಲೆಯಿಂದ ಇಳ್ಸಿದ ದೋಸೆ ಹೆಂಚು ಆರೋ ಹೊತ್ತು. ಅಷ್ಟರಲ್ಲಿ ಹೊರಟುಬಿಡ್ಬೇಕು. ಆರೋದ್ರೆ ಮುಗೀತು ಕಥೆ."

ಜಾನಕಮ್ಮ ಹೂಂಗುಟ್ಟಿ ಒಳಗೆ ಹೋದರು. ತನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದರಲ್ಲ ಎಂದು ಮುನಿರಾಮಪ್ಪ ಉಬ್ಬಿಹೋದ.

ಭಾನುವಾರ ರಸ್ತೆಯ ಎರಡೂ ಕಡೆ ಜನವೋ ಜನ. ಮಾಲೂರಿನಿಂದ, ಶ್ರೀನಿವಾಸಪುರದಿಂದ ಬಸ್ಸು ಹತ್ತಿ ಬಂದಿದ್ದರು, ಆಂಧ್ರದ ಗಡಿಯ ಆಚೆಯವರೂ ಇದ್ದರು. ಮುನಿರಾಮಪ್ಪನ ಜೋಡಿಗೆ ಬೆಂಗಳೂರಿನ ಬಿಳಿ ಕಾರೊಂದು ಬಿತ್ತು. ಇಬ್ಬರಿಗೂ ಟೈರು ಕಾಯಿಸಲು ಸಮಯ ಕೊಟ್ಟರು. ಇವನು ಕಲ್ಲು ಇಟ್ಟ, ನೀರು ಸುರಿದ, ಸುತ್ತಿಸಿದ. ಹೊಗೆ ಕಂಡ ಜನ "ಪೋನೀ ಅಣ್ಣಾ, ಪೋನೀ!" ಓಡಿಸಣ್ಣಾ, ಓಡಿಸು ಎಂದು ತೆಲುಗಿನಲ್ಲಿ ಕೂಗೆಬ್ಬಿಸಿದರು. ಇಳಿದು ಟೈರಿಗೆ ಅಂಗೈ ತಗುಲಿಸಿದರೆ ಚುರ್ರೆಂದಿತು. ಆಹಾ, ಹದ! ಕಲ್ಲು ಒದ್ದು, ಗೆರೆಗೆ ತಂದು ನಿಲ್ಲಿಸಿದ.

ನಿಲ್ಲಿಸಿದ್ದೇ ತಡ, ವಕೀಲರ ಜೊತೆ ಬಂದಿದ್ದ ಜಾನಕಮ್ಮ ಪೂಜೆಯ ತಟ್ಟೆ ಹಿಡಿದು ಕಾರಿನ ಮುಂದೆ ಬಂದು ನಿಂತರು. "ಪೂಜೆ ಇಲ್ದೆ ನಮ್ಮನೆ ಗಾಡಿ ಹೊರಡಲ್ಲ" ಅಂದರು. ಬಾವುಟ ಹಿಡಿದವನು ವಕೀಲರ ಮುಖ ನೋಡಿದ, ವಕೀಲರು ಅಮ್ಮನ ಮುಖ ನೋಡಿ ಸುಮ್ಮನಾದರು. ಆಕೆ ನಾಲ್ಕು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಬಾನೆಟ್ಟಿಗೆ ಅರಿಶಿನ, ಆಮೇಲೆ ಕುಂಕುಮ. ಹೂವು ಜಾರಿಬಿತ್ತು, ಮತ್ತೆ ಇಟ್ಟರು. ಗಾಳಿಗೆ ಕರ್ಪೂರ ಹತ್ತಲಿಲ್ಲ, ಬೇರೆ ಕಡ್ಡಿ ಗೀರಿದರು.

"ಅಮ್ಮಾ, ಬೇಗ!" ಎಂದ ಮುನಿರಾಮಪ್ಪ. ಅವನ ಎಡಗಾಲು ಥಕಥಕ ಕುಣಿಯುತ್ತಿತ್ತು. ತನ್ನ ಮೈಯಿಂದಲೇ ಬಿಸಿ ಇಳಿದುಹೋಗುತ್ತಿದ್ದಂತೆ ಅವನಿಗೆ ಅನ್ನಿಸಿತು.

"ದೇವರ ಮುಂದೆ ಅವಸರ ಮಾಡ್ಬಾರ್ದು ಕಣೋ" ಎಂದು ಜಾನಕಮ್ಮ ಬೂದುಗುಂಬಳ ನಿವಾಳಿಸತೊಡಗಿದರು. ಒಂದು ಸುತ್ತು. ಇನ್ನೊಂದು ಸುತ್ತು. ತಾಯಿಯಂಥ ಹೆಂಗಸನ್ನು ಗದರಿಸುವುದು ಹೇಗೆ? ಅವನಿಗೆ ಅಳು ಬರುವುದೊಂದು ಬಾಕಿ. ಪೂಜೆ ಮುಗಿಯಲಿ ಎಂದು ತಡೆದಿದ್ದ ಬಿಳಿ ಕಾರಿನವನು ಆಗಷ್ಟೇ ತನ್ನ ಟೈರು ಕಾಯಿಸಿ ಗೆರೆಗೆ ತಂದಿದ್ದ. ಎಲ್ಲ ಮುಗಿದಾಗ ಮುನಿರಾಮಪ್ಪ, ಇನ್ನೊಮ್ಮೆ ಕಾಯಿಸಿಕೊಳ್ಳುತ್ತೇನೆ ಎಂದು ಬೇಡಿಕೊಂಡ. ನಿನ್ನ ಸರದಿ ಆಯಿತು, ಹೊರಡು ಎಂದರು ಕ್ಲಬ್ಬಿನವರು. ಬಾವುಟ ಇಳಿಯಿತು.

ಕ್ಲಚ್ಚು ಬಿಟ್ಟ ಕೂಡಲೇ ನಿಂಬೆಹಣ್ಣು ಪಚ್ಚೆಂದಿತು. ಆರಿದ ಟೈರು ನೆಲ ಹಿಡಿಯಲೇ ಇಲ್ಲ. ಹಿಂಭಾಗ ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು, ಕಾರು ಅಡ್ಡ ತಿರುಗಿ ಜಲ್ಲಿ ರಾಶಿಗೆ ಮೂತಿ ತೂರಿ ಆಫ್ ಆಯಿತು. ಬಿಳಿ ಕಾರು ಅಷ್ಟು ದೂರದಲ್ಲಿ ಚುಕ್ಕೆಯಾಗಿತ್ತು. ಜಾನಕಮ್ಮ ತಟ್ಟೆ ಎಸೆದು, ಬರಿಗಾಲಲ್ಲಿ ಓಡಿ ಬಂದು, ಅವನ ತಲೆ, ಭುಜ, ಕೈಯೆಲ್ಲ ಮುಟ್ಟಿ ನೋಡಿದರು. ಅವನಿಗೆ ಏನೂ ಆಗಿರಲಿಲ್ಲ. ಕಾರಿನ ಮೂತಿಗೆ ಒಂದೆರಡು ಗೀರು ಬಿದ್ದಿತ್ತು, ಅಷ್ಟೆ.

ಮುಂದಿನ ದಿನಗಳಲ್ಲಿ ಮುನಿರಾಮಪ್ಪ ಉಜ್ಜಿದ ಕಾರನ್ನೇ ಮತ್ತೆ ಉಜ್ಜಿದ. ಕಾರು ಒಪ್ಪಿಸುವ ಬೆಳಿಗ್ಗೆ ಗೇಟಿನ ಹತ್ತಿರ ಬಂದರೆ, ಜಾನಕಮ್ಮ ಆಗಲೇ ಪಕ್ಕದ ಸೀಟಿನಲ್ಲಿ ಕೂತಿದ್ದರು. ಕೋಲಾರದಲ್ಲಿ ತಂಗಿಯ ಮನೆ ಇದೆ, ಬರುವಾಗ ಬಸ್ಸಿನಲ್ಲಿ ಬರೋಣ ಅಂದರು. ಊರು ದಾಟಿತು. ಹೊಸ ರಸ್ತೆ ಬಂತು.

"ನಿಲ್ಸೋ" ಎಂದರು ಜಾನಕಮ್ಮ. ನಿಲ್ಲಿಸಿದ.

"ಅವತ್ತು ಪೂಜೆ ಬೇಕಂತಲೇ ಎಳ್ದೆ ಕಣೋ. ನಿನ್ನ ಹೆಂಡ್ತಿ ಬಂದು, ಅವ್ರು ಸತ್ತೋಗ್ತಾರಮ್ಮಾ, ಹೇಗಾದ್ರೂ ತಡೀರಿ ಅಂತ ಕಾಲು ಹಿಡ್ಕೊಂಡು ಅತ್ತಳು. ನನಗೂ ಭಯ. ಟೈರು ಆರಿದ್ರೆ ನೀನು ಹೊರಡೋದೇ ಇಲ್ಲ ಅಂದ್ಕೊಂಡೆ. ಜಾರಿ ಹೋಗಿ ಬೀಳ್ತೀಯ ಅಂತ ಈ ಹಾಳು ತಲೆಗೆ ಹೊಳೀಲಿಲ್ಲ."

ಮುನಿರಾಮಪ್ಪನಿಗೆ ರಕ್ತ ಕುದಿಯಿತು. "ನಾನು ನಿಮ್ಮನ್ನ ಇನ್ನೇನು ಕೇಳಿದ್ದೆ ಅಮ್ಮಾ ಇಷ್ಟು ವರ್ಷದಲ್ಲಿ? ಅದೊಂದೇ ಅಲ್ವಾ?" ಎಂದ.

"ಅದಕ್ಕೇ ಬಂದಿದೀನಿ. ಇಳಿ, ಕಲ್ಲಿಡು. ಕಾಯ್ಸು."

ಅವನು ನಂಬಲಾರದೆ ಮುಖ ನೋಡಿದ. ಅವರು ಕಾಲಬುಡದಲ್ಲಿದ್ದ ನೀರಿನ ಕೊಡ ತೋರಿಸಿದರು. ಮನೆಯಿಂದಲೇ ತಂದಿದ್ದರು! ಅವನು ಕಲ್ಲು ಹುಡುಕಿ ಇಟ್ಟ, ನೀರು ಸುರಿದ, ಗಾಲಿ ಸುತ್ತಿಸಿದ. ಜಾನಕಮ್ಮ ಹೊಗೆಯಲ್ಲಿ ಕೆಮ್ಮುತ್ತಲೇ ಕೂತಿದ್ದರು. ಇಳಿದು ಕಲ್ಲು ತೆಗೆದ ಮುನಿರಾಮಪ್ಪ, "ಅಮ್ಮಾ, ಬೇಡ. ನೀವು ಇಳೀರಿ, ನಿಮಗೇನಾದ್ರೂ ಆದ್ರೆ..." ಎಂದು ತಡವರಿಸಿದ.

"ಹತ್ತೋ ಬೇಗ, ಆರೋಗುತ್ತೆ!" ಎಂದು ಗದರಿದರು ಜಾನಕಮ್ಮ.

ಹತ್ತಿದ, ಕ್ಲಚ್ಚು ಬಿಟ್ಟ. ಟೈರು ನೆಲ ಕಚ್ಚಿತು. ಬೆನ್ನಿಗೆ ಗುದ್ದಿದಂತಾಗಿ ಇಬ್ಬರೂ ಸೀಟಿಗೆ ಅಂಟಿದರು. ಮೂವತ್ತು ಯಾವಾಗ ದಾಟಿತೋ ಕಾಣಲೇ ಇಲ್ಲ. ಸೆಕೆಂಡ್, ಥರ್ಡ್. ಜಾನಕಮ್ಮನವರ ಸೆರಗು ಹಿಂದಕ್ಕೆ ಹಾರಿ ಪಟಪಟ ಬಡಿಯಿತು. ಥರ್ಡ್ ಬಿದ್ದ ಮೇಲೆ, ಅಷ್ಟು ವರ್ಷ ಕುಣಿದ ಎಡಗಾಲು ಅಲ್ಲಾಡದೆ ನಿಂತಿತು.

ರಸ್ತೆ ಮುಗಿಯುವಲ್ಲಿ ಬ್ರೇಕು ಒತ್ತಿ ನಿಲ್ಲಿಸಿದ. ಜಾನಕಮ್ಮ ಎರಡೂ ಕೈಯಲ್ಲಿ ಬಾಗಿಲು ಹಿಡಿದು ಕಣ್ಣು ಮುಚ್ಚಿದ್ದರು. ಅವನಿಗೆ ಜೀವ ಹೋದಂತಾಯಿತು. "ಅಮ್ಮಾ? ಅಮ್ಮಾ!" ಎಂದ. ಕಣ್ಣು ಬಿಟ್ಟರು, ಕಣ್ಣ ತುಂಬ ನೀರು.

"ಇದನ್ನೇನೋ ನಾನು ನಿನಗೆ ತಪ್ಪಿಸಿದ್ದು?" ಎಂದರು.

"ಕೋಲಾರದಲ್ಲಿ ಕಾಯ್ತಿರ್ತಾರೆ ಅಮ್ಮಾ" ಎಂದಷ್ಟೇ ಹೇಳಿದ.

"ಕಾಯ್ಲಿ ಬಿಡು" ಎಂದು ಜಾನಕಮ್ಮ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು. "ಇನ್ನೂ ಆರಿಲ್ಲ, ತಿರುಗ್ಸೋ."

ಮುನಿರಾಮಪ್ಪ ಕಾರು ತಿರುಗಿಸಿದ.