ಲ್ಯಾಪ್‌ಟಾಪ್ ಬಾಯಿ ಬಿಟ್ಟ ಭಾನುವಾರ

ಕಣ್ಣು ಕಾಣುವವರಿಗೆ ಲ್ಯಾಪ್‌ಟಾಪಿನಲ್ಲಿ ಸದ್ದು ಬರದಿದ್ದರೆ ಹಾಡು ಕೇಳಿಸುವುದಿಲ್ಲ, ಅಷ್ಟೇ. ನನಗಾದರೆ ಲ್ಯಾಪ್‌ಟಾಪೇ ಇಲ್ಲದಂತೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶವೇ ನನ್ನ ಕಣ್ಣು. ಮಧುಗಿರಿಯ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಾನು ಬರೆದದ್ದನ್ನು ನಾನೇ ಓದಬೇಕು, ಯಾರ ಬಾಯಿಗೂ ಕಾಯಬಾರದು ಎಂಬ ಹಟ ನನ್ನದು. ಸಿರಾದಲ್ಲಿ ಆಸೆಪಟ್ಟು ಕೊಂಡ ಹೊಚ್ಚ ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದೆ. ಎಲ್ಲ ಸರಿಯಿತ್ತು, ಸದ್ದು ಹೊರಡಿಸುವ ಸೌಂಡ್ ಚಿಪ್ಪನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಮಾತ್ರ ಇಲ್ಲ. ಕಮಕ್ ಕಿಮಕ್ ಇಲ್ಲ!

ಡ್ರೈವರ್ ಬರೆಯುವವರೆಲ್ಲ ಸೇರುವ ಇಂಟರ್‌ನೆಟ್ ತಾಣವೊಂದರಲ್ಲಿ ಕೇಳಿಕೊಂಡೆವು. ನಾನು ಹೇಳುವುದು, ಪಾವಗಡ ಕಡೆಯವಳಾದ ನನ್ನ ಹೆಂಡತಿ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ದೂರದೇಶದ ಪುಣ್ಯಾತ್ಮನೊಬ್ಬ ಉತ್ತರ ಕೊಟ್ಟ. ಚಿಪ್ಪಿನ ವಿವರ ಕೇಳಿದ, ಕಳಿಸಿದೆವು. ಅವನು ಬರೆದ ಡ್ರೈವರ್ ಬಂತು, ಹಾಕಿದೆವು, ಸದ್ದಿಲ್ಲ. ಎರಡನೆಯದಕ್ಕೆ ಕರ್ರ್ ಅಂತೊಂದು ಸದ್ದು! ನಾನು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. ಮೂರನೆಯದಕ್ಕೆ ಆ ಕರ್ರ್ ಕೂಡ ಹೋಯಿತು.

ನನಗೆ ಪಿತ್ತ ನೆತ್ತಿಗೇರಿತು. "ಆಗದಿದ್ರೆ ಆಗಲ್ಲ ಅನ್ನಿ, ಆಟ ಆಡಿಸ್ಬೇಡಿ ಅಂತ ಬರಿ!"

"ಉಂಡಂಡಿ, ಬರೀತಾ ಇದೀನಿ." ತಾಳಿ ಅನ್ನುವುದನ್ನು ಅವಳು ತೆಲುಗಿನಲ್ಲಿ ಅಂದಳೆಂದರೆ ನಾನು ಬಾಯಿ ಮುಚ್ಚಬೇಕು.

ನಾಲ್ಕನೆಯದು ಭಾನುವಾರ ಬೆಳಗ್ಗೆ ಬಂತು. ಅವಳು ಅದನ್ನು ಹಾಕಿ, ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿ, ಆ ತಾಣದ ಪುಟ ತೆರೆದಿಟ್ಟು, ಒಗ್ಗರಣೆ ಸೀದುಹೋಗುತ್ತದೆಂದು ಒಳಗೆ ಓಡಿದಳು. ನಾನು ಕೀಲಿ ಒತ್ತಿದೆ. ಮಾತಾಡಿತು! ಗಡಗಡನೆ, ಅಕ್ಷರ ತಪ್ಪದೆ ಓದತೊಡಗಿತು. "ಬಂತು ಕಣೇ, ಬಂತು!" ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿರಬೇಕು.

ಆ ಖುಷಿಯಲ್ಲಿ ಅದನ್ನು ನಿಲ್ಲಿಸಲು ಮನಸ್ಸೇ ಬರಲಿಲ್ಲ. ಅವನ ಮಾತು, ನಮ್ಮ ಮಾತು, ಎಲ್ಲವನ್ನೂ ಓದುತ್ತಾ ಹೋಯಿತು. ನನ್ನ ಸಿಟ್ಟಿನ ಸಾಲು ಇಂಗ್ಲಿಷಿನಲ್ಲಿ ಹೆಂಗೆ ಕೇಳುತ್ತದೋ ನೋಡೋಣವೆಂದು ಕಿವಿಗೊಟ್ಟು ಕೂತೆ. ಅದು ಇರಲೇ ಇಲ್ಲ. ಆ ಜಾಗದಲ್ಲಿ ನಾನೇ ಹೇಳಿದಂತೆ ಬರೆದಿತ್ತು: ನಿಮ್ಮ ಶ್ರಮಕ್ಕೆ ಕೃತಜ್ಞ, ನಿಧಾನವಾಗಿಯೇ ಮಾಡಿ, ನನಗೆ ತಾಳ್ಮೆ ಬಹಳ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವಳಿಗೂ ಕೇಳಿಸಿರಬೇಕು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಇಷ್ಟು ವರ್ಷ ನಾನು ಸಿಟ್ಟಿನಲ್ಲಿ ಅವಳ ಕೈಲಿ ಬರೆಸಿದ ಕಾಗದಗಳೆಲ್ಲ ಒಂದೊಂದಾಗಿ ನೆನಪಾದವು.

"ಕೊರಟಗೆರೆ ಅಣ್ಣಂಗೆ ಬೈದು ಕಾಗದ ಬರೆಸಿದ್ನಲ್ಲ, ಅದೂ ಹಿಂಗೇನಾ?" ಎಂದು ಕೇಳಿದೆ.

"ಮತ್ತೆ? ಇಲ್ದಿದ್ರೆ ಅವ್ರು ಈಗ್ಲೂ ನಮ್ಮನ್ನ ಹಬ್ಬಕ್ಕೆ ಕರೀತಿದ್ರಾ?" ಅಂದಳು.