ಮಾತಾಡಬಾರದ ಒಂದು ತಾಸು

ಇಲ್ಲಿ ನನಗೆ ಮೊದಲು ಕಲಿಸಿದ್ದು ರೋಗಿಯಿಂದ ದೂರ ನಿಲ್ಲುವುದನ್ನು. ಸೂಜಿ ಚುಚ್ಚು, ಹೇಳಬೇಕಾದ್ದನ್ನು ಎರಡು ಮಾತಿನಲ್ಲಿ ಹೇಳು, ಬಾಗಿಲು ಹಾಕಿಕೊಂಡು ಹೊರಗೆ ಬಾ. ಚುಚ್ಚಿಸಿಕೊಂಡ ಮನುಷ್ಯ ಆಮೇಲೆ ಕೆಲವು ತಾಸು ತಾನೇ ವಿಕಿರಣ ಸೂಸುತ್ತಿರುತ್ತಾನೆ. ಅವನು ಅತ್ತರೂ ಹತ್ತಿರ ಹೋಗಿ ಕೈ ಹಿಡಿಯುವ ಹಾಗಿಲ್ಲ. ಹೊರಗಿನ ಮೈಕಿನಲ್ಲಿ ಸಮಾಧಾನ ಹೇಳಬೇಕು. ಕಾಯಿಲೆಯವರ ಮಂಚದ ಮೇಲೆಯೇ ಕೂತು ಚಾ ಕುಡಿಯುವ ಊರಿನಿಂದ ಬಂದವಳು ನಾನು. ಮೊದಲ ವಾರ ನನ್ನ ಕಾಲು ತಾನಾಗಿ ಮಂಚದ ಕಡೆ ಹೋಗುತ್ತಿತ್ತು. 'ಅಲ್ಲೇನು ನೆಂಟಸ್ತನ ಬೆಳೆಸ್ತಾ ಇದ್ದೀರಾ?' ಎಂದು ನಮ್ಮ ಮೇಲ್ವಿಚಾರಕರು ಎಲ್ಲರೆದುರು ಕೇಳಿದ್ದರು.

ನಾನು ಬನಹಟ್ಟಿಯವಳು. ಜಮಖಂಡಿಯಲ್ಲಿ ಬಿ.ಎಸ್‌ಸಿ. ಮುಗಿಸಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್ ಆಗಲು ಕಲಿಯುತ್ತಿದ್ದೇನೆ. ಕೆಲಸ ಹೀಗಿದೆ: ವಿಕಿರಣ ಬೆರೆತ ಒಂದು ಬಗೆಯ ಸಕ್ಕರೆಯನ್ನು ರಕ್ತನಾಳಕ್ಕೆ ಕೊಡುತ್ತೇವೆ. ಒಂದು ತಾಸು ರೋಗಿ ಅಲುಗಾಡದೆ, ಮಾತಾಡದೆ ಮಲಗಬೇಕು. ಮೈಯಲ್ಲಿ ಎಲ್ಲಿ ಹೆಚ್ಚು ದುಡಿಮೆ ನಡೆದಿದೆಯೋ ಅಲ್ಲಿ ಆ ಸಕ್ಕರೆ ಸೇರುತ್ತದೆ, ಚಿತ್ರದಲ್ಲಿ ಅಲ್ಲಿ ಹೊಳಪು ಕಾಣುತ್ತದೆ. ಕ್ಯಾನ್ಸರ್ ಗಡ್ಡೆ ದುಡಿಯುತ್ತದೆ, ಹಾಗಾಗಿ ಸಿಕ್ಕಿಬೀಳುತ್ತದೆ. ಆದರೆ ಆ ತಾಸಿನಲ್ಲಿ ಮಾತಾಡಿದರೆ ಗಂಟಲೂ ದುಡಿಯುತ್ತದೆ. ಚಿತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಾನಿರುವುದು ಮೂರು ಮಂಚ ಹಾಕಿದ ಕೋಣೆಯಲ್ಲಿ. ನನ್ನದು ಒಂದು ಮಂಚ. ಇಂಥ ಬಾಡಿಗೆ ಮನೆಗೆ ಇಲ್ಲಿ ಪಿ.ಜಿ. ಎನ್ನುತ್ತಾರೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಬಂದ ಮರುದಿನ ಮನೆಯೊಡತಿ 'ತಿಂಡಿ ಆಯ್ತಾ?' ಎಂದರು. ಇಲ್ಲಿ ತಿಂಡಿ ಎಂದರೆ ಬೆಳಗಿನ ನಾಷ್ಟಾ, ನಮ್ಮಲ್ಲಿ ತುರಿಕೆ. ಗಾಬರಿಯಾಗಿ 'ನನಗ್ಯಾಕ್ರಿ ತಿಂಡಿ?' ಎಂದೆ. ಆ ಮಾತು ಮೂರು ಮಹಡಿ ಹತ್ತಿ ಇಳಿಯಿತು. ಆಮೇಲೆ ನಾನು ಬಾಯಿ ತೆರೆದರೆ ಸಾಕು, ಪಕ್ಕದ ಮಂಚದವಳು 'ಏನ್ ಮಾಡಾಕತ್ತೀಯಲೇ' ಎಂದು ಅಣಕಿಸುತ್ತಿದ್ದಳು, ಅದನ್ನೂ ತಪ್ಪಾಗಿ. ಹುಡುಗಿಯರಿಗೆ ನಾವು ಲೇ ಅನ್ನುವುದಿಲ್ಲ, ಬೇ ಅನ್ನುತ್ತೇವೆ. ತಿದ್ದಲು ಹೋಗಲಿಲ್ಲ, ಮಾತು ಕಡಿಮೆ ಮಾಡಿದೆ. ಸಾರಿಗೂ ಬೆಲ್ಲ ಹಾಕುವ ಈ ಊರು ಮಾತಿಗೆ ಮಾತ್ರ ಏನನ್ನೂ ಹಾಕುವುದಿಲ್ಲ.

ಬನಹಟ್ಟಿಯಲ್ಲಿ ನಾವು ಗಟ್ಟಿಯಾಗಿ ಮಾತಾಡುವುದು ನಿಜ. ಮನೆಯೊಳಗೆ ನಾಲ್ಕು ಪವರ್‌ಲೂಮ್ ಹೊಡೆದುಕೊಳ್ಳುತ್ತಿದ್ದರೆ ಇನ್ನು ಹೇಗೆ ಮಾತಾಡಬೇಕು? ಅಲ್ಲಿ ಸದ್ದು ನಿಂತರೆ ಕರೆಂಟ್ ಹೋಗಿದೆ, ಇಲ್ಲವೇ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ.

ಹಾಗೆಂದು ಊರು ನನ್ನನ್ನು ತೆಕ್ಕೆಗೆ ತೆಗೆದುಕೊಂಡಿತು ಎಂದಲ್ಲ. ಯುಗಾದಿಗೆ ಹೋದಾಗ ಮುಧೋಳದಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಾಯಿ ನನ್ನ ಕೈಯಿಂದ ಚಾ ತೆಗೆದುಕೊಳ್ಳದೆ ನಮ್ಮ ಅವ್ವನನ್ನು ಕೇಳಿದರು: 'ಅಣುಬಾಂಬಿನ ಕೆಲಸಂತಲ್ರಿ. ಮುಂದ ಮಕ್ಕಳಾಗ್ತಾವೇನ?' ನಮ್ಮ ಮೈಗೆ ಎಷ್ಟು ವಿಕಿರಣ ತಗಲಿತೆಂದು ಎದೆಯ ಮೇಲಿನ ಬಿಲ್ಲೆ ಅಳೆಯುತ್ತದೆ, ನನ್ನದು ಮಿತಿಯೊಳಗೇ ಇದೆ ಎಂದು ಹೇಳಬಹುದಿತ್ತು. ಅವ್ವ ನನ್ನ ಕಡೆ ನೋಡಿದಳು. ಅವಳಿಗೂ ಉತ್ತರ ಬೇಕಾಗಿತ್ತು.

ಮರಳಿ ಬಂದ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ, ರಬಕವಿಯ ನೇಕಾರರೊಬ್ಬರು ನಮ್ಮ ವಿಭಾಗಕ್ಕೆ ಬಂದರು. ಅರವತ್ತು ದಾಟಿದವರು. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿದಿತ್ತು; ಅದು ಮತ್ತೆ ಬಂದಿದೆಯೇ ಎಂದು ನೋಡಬೇಕಿತ್ತು. ಸೂಜಿ ಚುಚ್ಚುವಾಗ 'ಕೈ ಸಡ್ಲ ಬಿಡ್ರಿ' ಅಂದುಬಿಟ್ಟೆ. ಅವರು ಕಣ್ಣು ತೆರೆದರು.

'ಯಾ ಊರಾಕಿ ಬೇ ತಂಗಿ?' ಗೊಗ್ಗರು ದನಿ.

ಉತ್ತರ ಕೊಡಬಾರದಿತ್ತು. 'ಬನಹಟ್ಟಿರಿ' ಎಂದೆ.

'ಖರೆ? ಯಾರ ಪೈಕಿ?'

ಹೇಳಿದೆ. ಅವರಿಗೆ ನಮ್ಮ ಅಜ್ಜ ಗೊತ್ತಿದ್ದರು. 'ಇಲ್ಲಿ ಮಂದಿ ಪಿಸಪಿಸ ಅಂತಾರ, ಒಂದೂ ತಿಳಿಯಂಗಿಲ್ಲ. ಮಗ್ಗ ಕಿವಿ ತಿಂದೈತಿ, ಬೀಡಿ ಗಂಟಲಾ ತಿಂದೈತಿ. ನೀ ಏನ, ಡಾಕ್ಟರ?'

'ಅಲ್ರಿ ಕಾಕಾ. ಫೋಟೋ ತಗಿಯೋದು ಕಲಿಯಾಕತ್ತೇನಿ.'

'ಹಂಗಾರ ಛಂದ ಬರುವಂಗ ತಗಿ. ಇಲ್ಲೀತನ ನಂದು ಒಂದೂ ಛಲೋ ಬಂದಿಲ್ಲ.'

ನಕ್ಕೆ. ವಿಕಿರಣ ತಡೆಯುವ ಸೀಸದ ತೆರೆಯ ಹಿಂದೆ ನಿಂತು ಇಪ್ಪತ್ತು ನಿಮಿಷ ಮಾತಾಡಿದೆ, ಅವರನ್ನೂ ಮಾತಾಡಿಸಿದೆ. ಅಷ್ಟು ತಿಂಗಳಲ್ಲಿ ನನ್ನ ಮಾತನ್ನು ಯಾರೂ ಅಣಕಿಸದ ಇಪ್ಪತ್ತು ನಿಮಿಷ. ನಿಯಮ ಮರೆತಿರಲಿಲ್ಲ. ಇನ್ನೊಂದೇ ನಿಮಿಷ ಎಂದುಕೊಳ್ಳುತ್ತಿದ್ದೆ.

ಚಿತ್ರದಲ್ಲಿ ಗಂಟಲಿನ ಎಡಗಡೆ ಹೊಳೆಯುತ್ತಿತ್ತು. ಚಿಕಿತ್ಸೆಯ ನಂತರ ಅವರ ಬಲಗಡೆಯ ಧ್ವನಿತಂತು ಆಡುತ್ತಿರಲಿಲ್ಲ. ಎಡಗಡೆಯದೊಂದೇ ಅಷ್ಟೂ ಮಾತಿನ ಭಾರ ಹೊತ್ತಿತ್ತು. ಆದರೆ ನೋಡುವವರಿಗೆ ಅದು ಗಡ್ಡೆಯಂತೆಯೇ ಕಾಣುತ್ತಿತ್ತು. 'ಮತ್ತೆ ಬಂದ ಹಾಗಿದೆ, ಅಲ್ಲಿಂದ ಒಂದು ತುಣುಕು ತೆಗೆದು ಪರೀಕ್ಷೆ ಮಾಡಿಸಬೇಕು' ಎಂದರು ಡಾಕ್ಟರ್. ಒಮ್ಮೆ ವಿಕಿರಣದಲ್ಲಿ ಬೆಂದ ಗಂಟಲಿನ ಗಾಯ ಸುಲಭವಾಗಿ ಮಾಯುವುದಿಲ್ಲ. ಉಳಿದಿರುವಷ್ಟು ದನಿಯೂ ಹೋಗಬಹುದು.

ಮೇಲ್ವಿಚಾರಕರು ನನ್ನತ್ತ ತಿರುಗಿದರು. 'ಪೇಷಂಟ್ ಮಾತಾಡಿದ್ರಾ?'

ಇಲ್ಲ ಎನ್ನಬಹುದಿತ್ತು. ಕೋಣೆಯ ಬಾಗಿಲು ಮುಚ್ಚಿತ್ತು, ಒಳಗಿನ ಕ್ಯಾಮೆರಾದ ಪರದೆಯನ್ನು ಹೊರಗೆ ಯಾರೂ ನೋಡಿರಲಿಲ್ಲ.

'ಮಾತಾಡಿದ್ರು. ನಾನೇ ಮಾತಾಡಿಸಿದೆ.'

'ನಿಮ್ಮ ಕಡೆಯವರಿಗೆ ಬಾಯಿ ಮುಚ್ಚೋಕೇ ಬರಲ್ವೇನ್ರೀ?'

ಆ ಮನುಷ್ಯನ ಮೇಲೆ ನನಗೆ ಸಿಟ್ಟಿರಲು ಕಾರಣಗಳು ಬಹಳ ಇವೆ. ಅವತ್ತು ಅವರು ಹೇಳಿದ್ದು ಸರಿಯಾಗಿತ್ತು ಎಂಬುದು ಅವುಗಳಲ್ಲಿ ದೊಡ್ಡದು.

ನನ್ನ ತರಬೇತಿಗೆ ಮೂರು ತಿಂಗಳು ಸೇರಿಸಿದರು. ತುಣುಕು ತೆಗೆಯುವುದನ್ನು ತಡೆಹಿಡಿದು, ಹದಿನೈದು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದೆಂದಾಯಿತು. ಹೊರಗೆ ಕಾಯುತ್ತಿದ್ದ ಅವರ ಮಗನಿಗೆ ನಾನೇ ಹೋಗಿ ಹೇಳಿದೆ: 'ತಪ್ಪು ನಂದರಿ.' ಅಪ್ಪನ ಗಂಟಲಲ್ಲಿ ಏನಿದೆಯೆಂದು ತಿಳಿಯದೆ ಅವನು ಹದಿನೈದು ದಿನ ಕಳೆಯಬೇಕಿತ್ತು. 'ನಮ್ಮ ಕಡೆಯಾಕಿ ಆಗಿ ಹಿಂಗ ಮಾಡಿದೇನವಾ' ಎಂದ. ಬೇರೆ ಕಡೆಯವಳಾಗಿದ್ದರೆ ಬೈದು ಮುಗಿಸುತ್ತಿದ್ದನೇನೋ.

ಎರಡನೆಯ ಸಲ ಚುಚ್ಚಿದಾಗ ಆ ಹಿರಿಯರು ನನ್ನನ್ನು ಗುರುತಿಸಿ ಬಾಯಿ ತೆರೆದರು. ತುಟಿಯ ಮೇಲೆ ಬೆರಳಿಟ್ಟೆ. ಬಾಗಿಲು ಹಾಕಿಕೊಂಡು ಹೊರಗೆ ಬಂದೆ. ಒಂದು ತಾಸು ಆ ಕೋಣೆಯ ಕ್ಯಾಮೆರಾದ ಪರದೆಯ ಮುಂದೆ ಕೂತಿದ್ದೆ. ಅವರು ಬಾಗಿಲನ್ನೇ ನೋಡುತ್ತ ಮಲಗಿದ್ದರು. ಈ ಸಲ ಗಂಟಲಿನ ಯಾವ ಕಡೆಯೂ ಹೊಳಪಿರಲಿಲ್ಲ. ಅದನ್ನು ರೋಗಿಗೆ ಹೇಳುವ ಅಧಿಕಾರ ನನಗಿಲ್ಲ. ಡಾಕ್ಟರ್ ಹೇಳಿದರು, ಏನೂ ಇಲ್ಲ, ಊರಿಗೆ ಹೋಗಿ ಎಂದು.

ಹೊರಡುವಾಗ ಅವರು ನನ್ನೆದುರು ನಿಂತರು. 'ಅವತ್ತ ನಮ್ಮಾಕಿ ಇದ್ದಿ. ಇವತ್ತ ಇವರ ಪೈಕಿ ಆದಿ ನೋಡ' ಎಂದರು. ನಗುತ್ತಿದ್ದರೋ ಇಲ್ಲವೋ, ಮುಖಕ್ಕೆ ಮಾಸ್ಕ್ ಇತ್ತು.

ಹಂಗೇನಿಲ್ರಿ ಕಾಕಾ, ಎನ್ನಬೇಕೆಂದಿದ್ದೆ.

'ಹಾಗೇನಿಲ್ಲ ಸರ್' ಎಂದು ಬಾಯಿಂದ ಬಂತು.